ಎದ್ದು ನಿಂತವನೇ ಅಧ್ಯಕ್ಷ

ನಮ್ಮ ಚರ್ಚಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ, ಮೊಣಕಾಲೂರಿ ದೇವರ ಮುಂದೆ ಅಳಬೇಕೋ ನನಗೆ ತಿಳಿಯುವುದಿಲ್ಲ. ಊರಿದರೆ ಎಬ್ಬಿಸಲು ಇಬ್ಬರು ಬೇಕು. ಆದ್ದರಿಂದ ಬಹಳ ಸಲ ನಕ್ಕು ಸುಮ್ಮನಾಗುತ್ತೇನೆ.

ನಾನು ವಿಜಯಪುರದ ಒಂದು ಸಣ್ಣ ಚರ್ಚಿನ ಹಿರಿಯ. ಸಾಲಿ ಮಾಸ್ತರಿಕೆಯಿಂದ ನಿವೃತ್ತನಾಗಿ ಹನ್ನೆರಡು ವರ್ಷವಾಯಿತು, ಚರ್ಚಿನಿಂದ ಇನ್ನೂ ಆಗಿಲ್ಲ. ನಮ್ಮ ಪಾಸ್ಟರಿಗೆ ನಾಲ್ಕು ಊರಿನ ಸಭೆಗಳು. ನಮ್ಮಲ್ಲಿಗೆ ತಿಂಗಳಿಗೊಂದು ಭಾನುವಾರ ಬರುತ್ತಾರೆ. ಉಳಿದ ಭಾನುವಾರಗಳ ಪ್ರಸಂಗ, ಅಂದರೆ ಪ್ರವಚನ, ನನ್ನದೇ. ತಿಕೋಟಾ, ಬಬಲೇಶ್ವರದ ಮನೆಪ್ರಾರ್ಥನೆಗಳೂ ನನ್ನವೇ. ನನಗೆ ಬರುವ ಪ್ರಸಂಗಗಳು ಹನ್ನೊಂದು. ಸಭೆಗೆ ಹನ್ನೊಂದೂ ಬಾಯಿಪಾಠವಾಗಿವೆ.

ಹೋದ ವರ್ಷ ಎದೆನೋವು ಬಂದು ದವಾಖಾನೆ ಸೇರಿದೆ. ನೋಡಲು ಬಂದವರಲ್ಲಿ ಒಬ್ಬರೂ "ಹೆಂಗದೀರಿ?" ಅನ್ನಲಿಲ್ಲ. ಎಲ್ಲರೂ ಕೇಳಿದ್ದು ಒಂದೇ ಮಾತು: "ಭಾನುವಾರ ಯಾರ್ರಿ ಮತ್ತ?"

ನಾನು ಹೋದರೆ ಚರ್ಚಿನ ಬಾಗಿಲಿಗೂ ಕೀಲಿ ಬೀಳುತ್ತದೆ ಅಂತ ಅಂದು ಮಲಗಿದಲ್ಲೇ ಅರಿವಾಯಿತು. ಮನೆಗೆ ಬಂದವನೇ ಹೊಸಬರನ್ನು ತಯಾರು ಮಾಡಲು ಹೊರಟೆ.

ಅಧ್ಯಕ್ಷ

ಆರಾಧನೆ ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಹೇಳಿದೆ: "ನಮ್ಮ ಯುವಕರ ಸಂಘದ ಮುಂದಾಳು ಯಾರಾಗ್ತೀರಿ? ದೇವರು ಯಾರ ಮನಸ್ಸಿನಾಗ ಮಾತಾಡಾಕತ್ತಾನ, ಅವರು ಎದ್ದು ನಿಲ್ರಿ."

ಇದ್ದ ಆರೇಳು ಯುವಕರು ಒಮ್ಮೆಲೇ ತಲೆ ತಗ್ಗಿಸಿದರು. ಅಷ್ಟು ಭಕ್ತಿಯಿಂದ ಅವರು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಸಾರವಾಡದವನು, ಇಪ್ಪತ್ನಾಲ್ಕು ವರ್ಷ, ಇಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ.

ನನ್ನ ಕಣ್ಣು ತುಂಬಿ ಬಂತು. ಜನ ಚಪ್ಪಾಳೆ ಹೊಡೆದರು. ಹೋಗಿ ಅವನ ತಲೆಯ ಮೇಲೆ ಎರಡೂ ಕೈ ಇಟ್ಟು ಪ್ರಾರ್ಥನೆ ಶುರು ಮಾಡಿದೆ. ಕೈ ಕೆಳಗೆ ಅವನು ಏನೋ ತಡವರಿಸುತ್ತಿದ್ದ. ದೇವರಾತ್ಮ ಇಳಿಯಿತೆಂದು ತಿಳಿದು ನಾನು ಪ್ರಾರ್ಥನೆಯನ್ನು ಇನ್ನೂ ಉದ್ದ ಮಾಡಿದೆ. ಆಮೆನ್ ಅಂದ ಮೇಲಷ್ಟೇ ಅವನ ಮಾತು ಕೇಳಿಸಿತು.

"ಸರ್, ಸಾರವಾಡದ ಬಸ್ಸಿನ ವ್ಯಾಳ್ಯಾ ಆಗಿತ್ರಿ. ಅದಕ್ಕ ಎದ್ದಿದ್ದೆ."

ಬಸ್ಸು ತಪ್ಪಿತು. ಅಧ್ಯಕ್ಷಗಿರಿ ತಪ್ಪಲಿಲ್ಲ.

ಫಿರ್ಯಾದಿ

ಮನೆಮನೆಗೆ ಹೋಗಿ ಬೇನೆ ಇದ್ದವರಿಗೆ ಪ್ರಾರ್ಥನೆ ಮಾಡುವ ಕೆಲಸಕ್ಕೆ ಒಬ್ಬ ಹುಡುಗಿ ತಾನಾಗಿ ಮುಂದೆ ಬಂದಳು. ದವಾಖಾನೆಯಲ್ಲಿ ನರ್ಸ್. ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡು ಆಕೆಯನ್ನು, ಅದೇ ದವಾಖಾನೆಯಲ್ಲಿ ತೋರಿಸಿಕೊಳ್ಳುತ್ತಿದ್ದ ತಿಕೋಟಾದ ಒಬ್ಬ ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಅಜ್ಜಿ ಕಾಲು ಬಾತು ಹಾಸಿಗೆ ಹಿಡಿದಿದ್ದಳು. ನಾವು ಕಣ್ಣು ಮುಚ್ಚಿದೆವು.

"ಕರ್ತನೇ, ಈ ಅಜ್ಜಿನ್ನ ಗುಣಾ ಮಾಡು," ಅಂತ ಹುಡುಗಿ ಬಹಳ ಮೆತ್ತಗೆ ಶುರು ಮಾಡಿದಳು. "ಕರ್ತನೇ, ನಿನಗ ಎಲ್ಲಾ ಗೊತ್ತೈತಿ. ಬಿಪಿ ಗುಳಿಗಿ ನುಂಗು ಅಂದ್ರ ಈಕಿ ನುಂಗೂದಿಲ್ಲ. ಉಪ್ಪಿನಕಾಯಿ ಬ್ಯಾಡ ಅಂದ್ರ ದಿನಾ ತಿಂತಾಳ. ಗುಳಿಗಿ ಎಲ್ಲಾ ತಲಿದಿಂಬಿನ ಕೆಳಗ ಅದಾವ, ಕರ್ತನೇ."

ದಿಂಬು ಎತ್ತಿದ ಸಪ್ಪಳಕ್ಕೆ ಕಣ್ಣು ಬಿಟ್ಟೆ. ದಿಂಬಿನ ಕೆಳಗೆ ಒಂದು ಹಿಡಿ ಗುಳಿಗೆ.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಮಾಸ್ತರ್ರ, ಮುಂದಿನ ಸಲ ನೀವಷ್ಟ ಬರ್ರಿ. ನೀವು ನನ್ನ ಸಲುವಾಗಿ ದೇವರಿಗೆ ಬೇಡ್ಕೋತಿದ್ರಿ. ಈಕಿ ನನ್ನ ಮ್ಯಾಲೆ ಫಿರ್ಯಾದಿ ಕೊಟ್ಟಾಳ."

ಸುದ್ದಿ ಹಬ್ಬಿತು. ಅಂದಿನಿಂದ ಆ ಹುಡುಗಿ ಬರುತ್ತಾಳೆಂದರೆ ಸಾಕು, ತಿಕೋಟಾದ ರೋಗಿಗಳೆಲ್ಲ ಆರಾಮಾಗಿ ಎದ್ದು ಹೊಲಕ್ಕೆ ಹೋಗುತ್ತಾರೆ.

ಆಶೀರ್ವಾದ

ಅಧ್ಯಕ್ಷ ಒಂದು ವಾಟ್ಸಾಪ್ ಗ್ರೂಪ್ ಮಾಡಿದ. ನಲವತ್ತು ಯುವಕ ಯುವತಿಯರು ಸೇರಿದರು. ನಲವತ್ತು! ಇಷ್ಟು ದಿನ ಇವರೆಲ್ಲ ಎಲ್ಲಿದ್ದರು ಅಂತ ನನಗೆ ಆಶ್ಚರ್ಯ. ಶನಿವಾರ ಸಂಜೆ ಐದಕ್ಕೆ ಯುವಕರ ಪ್ರಾರ್ಥನೆ ಅಂತ ಹಾಕಿದ. ನಲವತ್ತು ಮಂದಿಯೂ ಕೈ ಮುಗಿದ ಚಿತ್ರ ಕಳಿಸಿದರು.

ನನ್ನ ಹೆಂಡತಿ ನಲವತ್ತು ಮಂದಿಗೆ ಸಾಕಾಗುವಷ್ಟು ಚುರುಮುರಿ ಕಲಸಿದಳು.

ಐದಾಯಿತು, ಆರಾಯಿತು. ಚರ್ಚಿನಲ್ಲಿ ನಾನು, ಅಧ್ಯಕ್ಷ, ಒಂದು ಬುಟ್ಟಿ ಚುರುಮುರಿ. ಅವನ ಫೋನು ಮಾತ್ರ ಟಿಣ್ ಟಿಣ್ ಅಂತ ಆಮೆನ್ ಹೇಳುತ್ತಲೇ ಇತ್ತು. ಖಾಲಿ ಬೆಂಚುಗಳನ್ನು ನೋಡುತ್ತ "ಮುಗೀತಪಾ ಈ ಚರ್ಚು," ಅಂದೆ. ಇಬ್ಬರೇ ಒಂದು ಕೀರ್ತನೆ ಹಾಡಿದೆವು, ಅದೂ ಬೇರೆ ಬೇರೆ ರಾಗದಲ್ಲಿ.

ಎದ್ದು ಹೊರಡುವಾಗ ಗ್ರೂಪಿನಲ್ಲಿ ಯಾರೋ ಕೇಳಿದ್ದರು: "ಮೀಟಿಂಗ್ ಹೆಂಗಾತು?"

ಅಧ್ಯಕ್ಷ ಉತ್ತರ ಬರೆಯುವುದರೊಳಗೆ, ಬಾರದವನೇ ಒಬ್ಬ ಬರೆದುಬಿಟ್ಟಿದ್ದ: "ಭಾಳ ಆಶೀರ್ವಾದ ಆತು. ಬರದವರು ಮಿಸ್ ಮಾಡ್ಕೊಂಡ್ರಿ."

ಹೆಂಡತಿ

ಕಡೆಗೆ ಅಧ್ಯಕ್ಷನ ಕೈಲೇ ಪ್ರಸಂಗ ಮಾಡಿಸುವುದೆಂದು ಗಟ್ಟಿ ಮಾಡಿದೆ. ಬಬಲೇಶ್ವರದಲ್ಲಿ ಒಬ್ಬರ ಪಡಸಾಲೆಯಲ್ಲಿ ಕೂಟ. ಅವನ ತಾಯಿ ಈ ಸುದ್ದಿ ಕೇಳಿ ಒಂದು ಉಪಾಯ ಮಾಡಿದ್ದಳು. ಮಗನಿಗೆ ನೋಡಿದ್ದ ನಿಡೋಣಿಯ ಹುಡುಗಿಯ ಮನೆಯವರನ್ನು ಅಂದೇ ಬರಹೇಳಿದ್ದಳು. ಹುಡುಗ ದೇವರ ವಾಕ್ಯ ಹೇಳುವುದನ್ನು ಕಣ್ಣಾರೆ ನೋಡಲಿ ಅಂತ. ಸಾಲಿಯಲ್ಲಿ ಕಲಿಸುವ ಆ ಹುಡುಗಿ ತಂದೆ ತಾಯಿ ಜೊತೆ ಬಾಗಿಲ ಹತ್ತಿರ ಕೂತಿದ್ದಳು.

ಅಧ್ಯಕ್ಷ ಎದ್ದು ನಿಂತ. ಬಾಯಿ ತೆರೆದದ್ದೇ ತಡ, ನಾನು ಬೆರಗಾದೆ. ಎಂಥ ಮಾತು, ಎಂಥ ಗಾಂಭೀರ್ಯ! ದೇವರೇ, ನನಗಿನ್ನು ಬಿಡುಗಡೆ ಅಂದುಕೊಂಡೆ. ಆಗ ಅವನು ಕಣ್ಣು ಮುಚ್ಚಿ, ದನಿ ತಗ್ಗಿಸಿ ಹೇಳಿದ:

"ಪ್ರಿಯರೇ, ನನ್ನ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಒಂದು ರಾತ್ರಿ ಬಹಳ ಅತ್ತಳು..."

ಅವನ ತಾಯಿ ಧಡಕ್ಕನೆ ಎದ್ದಳು. "ಯಾವಾಕಿಲೇ ಅದು? ಯಾವಾಗ ಮಾಡ್ಕೊಂಡಿ?"

ಅಧ್ಯಕ್ಷ ಕಣ್ಣು ಬಿಟ್ಟು ಬೆವತ. "ನನ್ನಾಕಿ ಅಲ್ಲ ಬೇ! ನಾ ಬಾಯಿಪಾಠ ಮಾಡಿದ ವಿಡಿಯೋದಾಗಿನ ಪಾಸ್ಟರ ಹೆಂಡತಿ!"

"ಅಯ್ಯ, ಮಂದಿ ಹೆಂಡ್ತೀನ?" ಅಂದಳು ಒಬ್ಬ ಮುದುಕಿ.

ಹುಡುಗಿಯ ತಂದೆ ಎದ್ದು ಚಪ್ಪಲಿ ಹುಡುಕತೊಡಗಿದ. ನಾನು ತಲೆಗೆ ಕೈ ಹಚ್ಚಿದೆ. ಪ್ರಸಂಗವೂ ಹೋಯಿತು, ಹುಡುಗನ ಬಾಳೂ ಹೋಯಿತು, ಎರಡಕ್ಕೂ ನಾನೇ ಕಾರಣ. ಅಷ್ಟರಲ್ಲಿ ಹುಡುಗಿ ತಂದೆಯ ತೋಳು ಹಿಡಿದು ಜಗ್ಗಿದಳು.

"ಅಪ್ಪಾ, ಕುಂಡ್ರು. ಆ ವಿಡಿಯೋ ನಾನೂ ನೋಡೇನಿ. ಇನ್ನ ಐದು ನಿಮಿಷ ಬಿಟ್ಟಿದ್ರ ಅವರಿಗೆ ಮೂರು ಮಕ್ಕಳಾಗ್ತಿದ್ದುವು."

ಮೊದಲು ನಕ್ಕವನು ಆ ತಂದೆಯೇ. ಸಂಬಂಧ ಅಲ್ಲೇ ಕುದುರಿತು. ಎರಡು ತಿಂಗಳಲ್ಲಿ ಮದುವೆಯೂ ಆಯಿತು. ಆಮೇಲೆ ಅಧ್ಯಕ್ಷ ನಮ್ಮಲ್ಲಿಗೆ ಬರುವುದನ್ನೇ ಬಿಟ್ಟ. ಹೆಂಡತಿಯ ಊರಿನ ಸಣ್ಣ ಸಭೆಯನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ನಡೆಸುತ್ತಿದ್ದಾರೆ ಅಂತ ಸುದ್ದಿ ಬಂತು. ಇದ್ದೊಬ್ಬನೂ ಕೈ ಬಿಟ್ಟುಹೋಗಿದ್ದ. ತಡೆಯಲಾರದೆ ನಿಡೋಣಿಗೇ ಹೋದೆ. ಬಾಗಿಲಲ್ಲಿ ಅವಳೇ ಸಿಕ್ಕಳು.

"ಯವ್ವಾ, ತಿಂಗಳಿಗೊಂದು ಭಾನುವಾರನಾದ್ರೂ ಅವನ್ನ ನಮಗ ಕೊಡು," ಅಂತ ಕೈ ಮುಗಿದೆ.

"ಈ ವಾರ ಆಗೂದಿಲ್ರಿ ಸರ್," ಅಂದಳು ಅವಳು. "ಇಲ್ಲೇ ಅವರ ಪ್ರಸಂಗ ಐತ್ರಿ. ಮತ್ತ ಹೆಂಡತಿ ವಿಷಯನ. ಈ ಸಲ ಸ್ವಂತದಾಕಿದು."