ದೋಣಿ ಅಲುಗಾಡದ ದಿನಗಳು

ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಮರೆವಿನವರ ಕಷ್ಟ ಸಣ್ಣದು. ಅವರಿಗೆ ಕನ್ನಡಕ ಸಿಗುವುದಿಲ್ಲ, ಅಷ್ಟೆ. ನನಗೆ ಎಲ್ಲವೂ ನೆನಪಿರುತ್ತದೆ, ನಡೆಯದೇ ಇದ್ದದ್ದೂ ಸೇರಿ. ಈ ಅನುಮಾನದಿಂದಲೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದೆ. ಆದರೆ ಅದನ್ನು ಬರೆದವನೂ ನಾನೇ ಆದ್ದರಿಂದ ಎಷ್ಟು ನಂಬಬೇಕೆಂಬುದು ಬೇರೆಯೇ ಪ್ರಶ್ನೆ. ಹಾಗಾಗಿ ಇಲ್ಲಿ ಹೇಳುವ ಸಂಗತಿಗಳಲ್ಲಿ ನನ್ನ ಹೆಂಡತಿ ಶಾರದೆ ಒಪ್ಪಿದ್ದನ್ನು ಮಾತ್ರ ನಿಜವೆಂದು ತಿಳಿಯಬೇಕು. ಅವಳು ಒಪ್ಪದ್ದು ಒಂದೇ ಒಂದಿದೆ. ಅದು ಕೊನೆಗೆ ಬರುತ್ತದೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾವಿಬ್ಬರು ಮುಂಬಯಿಯಲ್ಲಿ ಒಂದು ಹಾಯಿದೋಣಿಯ ಮೇಲೆ ಸಂಸಾರ ಹೂಡಿದ್ದೆವು. ಹೀಗೆಂದ ಕೂಡಲೇ ಜನ ನನ್ನನ್ನು ಸಾಹಸಿ ಎಂದುಕೊಳ್ಳುತ್ತಾರೆ. ನಾನು ಧಾರವಾಡದವನು. ನೀರು ಎಂಬುದು ಕೊಡದಲ್ಲಿ ಇರಬೇಕಾದ ವಸ್ತು ಎಂದು ತಿಳಿದು ಬೆಳೆದವನು, ಈಜು ಬಾರದು. ಆದದ್ದಿಷ್ಟು: ಮಾಟುಂಗದ ಚಾಳಿನಲ್ಲಿದ್ದ ನಮ್ಮ ಕೋಣೆ, ಮಾಲಿಕನ ಮಗನ ಮದುವೆ ಗೊತ್ತಾದ್ದರಿಂದ, ಅವನಿಗೆ ಬೇಕಾಯಿತು. ಅದೇ ಹೊತ್ತಿಗೆ ಶಾರದೆಯ ತಮ್ಮ ವಾಮನ, ಸರಕಿನ ಹಡಗಿನಲ್ಲಿ ಎಂಜಿನಿಯರ್, ಒಂದು ಹಳೆಯ ಹಾಯಿದೋಣಿ ಕೊಂಡು ಬೊರಿವಲಿಯಾಚೆಯ ಖಾಡಿಯಲ್ಲಿ, ಅಂದರೆ ಕಡಲು ಒಳಚಾಚಿದ ಹಿನ್ನೀರಿನಲ್ಲಿ, ಕಟ್ಟಿಹಾಕಿದ್ದ. ಮಳೆಗಾಲ ಮುಗಿದ ಮೇಲೆ ಕರಾವಳಿಯಗುಂಟ ಕೊಚ್ಚಿಯವರೆಗೆ ಹೋಗಿ, ಅಲ್ಲಿಂದ ಹಾಯಿ ಕಟ್ಟುವ ಕೂವೆಮರ ಮಡಚಿ, ಕೇರಳದ ಒಳನಾಡಿನ ಕಾಲುವೆಗಳಲ್ಲಿ ತಿಂಗಳುಗಟ್ಟಲೆ ಅಲೆಯಬೇಕೆಂಬುದು ಅವನ ಆಸೆ. ಅಲ್ಲಿಯವರೆಗೆ ಖಾಲಿ ಬಿಟ್ಟರೆ ದೋಣಿಯ ಹಗ್ಗ ಒಂದು ವಾರ, ಹಲಗೆ ಇನ್ನೊಂದು ವಾರ ಕಣ್ಮರೆಯಾಗುತ್ತವೆ.

"ಭಾವ, ನೀವಿಬ್ರೂ ಅದ್ರಲ್ಲೇ ಇರಿ. ಮನೆಯೂ ಆಯ್ತು, ಕಾವಲೂ ಆಯ್ತು. ದೀಪಾವಳಿಗೆ ನಾನು ರಜೆ ಹಾಕಿ ಬರೂದ್ರೊಳಗೆ ಕಾಲುವೆಗೆ ತಯಾರು ಮಾಡಿ ಇಡಿ. ಮೂವರೂ ಹೋಗೂದೇ" ಎಂದ.

ನಾನು ಬೇಡವೆನ್ನಲು ಬಾಯಿ ತೆರೆದೆ. ಶಾರದೆ ಆಗಲೇ ಪಾತ್ರೆ ಕಟ್ಟತೊಡಗಿದ್ದಳು. ಅವಳು ಕಾರವಾರದ ಕಡೆಯವಳು. ಮನೆ ಹೊಳೆಯ ದಂಡೆಗೆ. "ಅಣ್ಣ ತಮ್ಮ ಎಲ್ಲಾ ದೋಣಿ ಹತ್ತಿ ಹೋಗೂರು. ನನ್ನ ಮಾತ್ರ ದಡದ ಮೇಲೆ ಅವ್ರ ಅಂಗಿ ಚಡ್ಡಿ ಕಾಯೂಕೆ ಕೂರ್ಸೂರು. ಈ ವಾಮನ ನನ್ನಿಂದ ಸಣ್ಣವ. ಅವ್ನ ಚಡ್ಡೀನೂ ನಾನೇ ಕಾದದ್ದು. ಈ ಸಲ ಯಾರ ಸಾಮಾನೂ ನಾ ಕಾಯೂದಿಲ್ಲ, ತಿಳೀತಾ?" ಎಂದಳು. ನಗುತ್ತಲೇ ಹೇಳಿದಳು. ಆದರೂ ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಹೀಗೆ ತಯಾರಿ ಶುರುವಾಯಿತು. ಕಾಲುವೆಯ ಸೇತುವೆಗಳು ತಗ್ಗು. ಅವುಗಳಡಿ ನುಸುಳಲು ಕೂವೆಮರದ ಬುಡಕ್ಕೆ ಬಡಗಿಯಿಂದ ಕೀಲು ಹಾಕಿಸಿದೆವು. ಪಕ್ಕಗಳು ಕಾಲುವೆಯ ಕಟ್ಟೆಗೆ ಉಜ್ಜದಂತೆ ಹಳೆಯ ಟಯರು ಕಟ್ಟಿದೆವು. ನೀರು ಆಳವಿಲ್ಲದಲ್ಲಿ ದೋಣಿ ನೂಕಲು ಶಾರದೆ ಉದ್ದನೆಯ ಬಿದಿರಿನ ಗಳ ತರಿಸಿಕೊಂಡು, ಹೋಡಿ ಎಂಬ ಸಣ್ಣ ದೋಣಿಯೊಂದರಲ್ಲಿ ದಿನಾ ಸಂಜೆ ಅಭ್ಯಾಸ ಮಾಡಿದಳು. ಈಜು ಬಾರದ ನನಗೂ ವಾಮನ ಒಂದು ಹುದ್ದೆ ಕೊಟ್ಟಿದ್ದ: ಮುಂದೆ ಕುಳಿತು, ಸೇತುವೆ ಬಂದಾಗ ಕೂಗುವುದು, ಕೂಗಿ ತಲೆ ಬಗ್ಗಿಸುವುದು. ಇದಕ್ಕೂ ಅಭ್ಯಾಸ ಬೇಕೆಂದು ಶಾರದೆ ತೀರ್ಮಾನಿಸಿದಳು. ನಾನು ಪೇಪರು ಓದುತ್ತಿರುವಾಗ, ಗಡ್ಡ ಹೆರೆಯುತ್ತಿರುವಾಗ, ಹಿಂದಿನಿಂದ "ಸೇತುವೆ ಬಂತು!" ಎನ್ನುವಳು. ನಾನು ತಲೆ ಬಗ್ಗಿಸಬೇಕು. ಗಲ್ಲದ ಮೇಲಿನ ಗಾಯದ ಗುರುತು ಈಗಲೂ ಇದೆ.

ಕಷ್ಟವಾದದ್ದು ಎರಡು ವೇಳಾಪಟ್ಟಿಗಳ ನಡುವೆ ಬದುಕುವುದು. ನನ್ನ ಕಚೇರಿ ಫೋರ್ಟಿನಲ್ಲಿ. ಬೊರಿವಲಿಯ ಲೋಕಲ್ ನನಗಾಗಿ ನಿಲ್ಲುವುದಿಲ್ಲ. ಖಾಡಿಯ ಉಬ್ಬರ ಇಳಿತ ಲೋಕಲ್‌ಗಾಗಿ ನಿಲ್ಲುವುದಿಲ್ಲ. ನೀರು ಇಳಿದ ಬೆಳಗಿನಲ್ಲಿ ದೋಣಿಗೂ ದಡಕ್ಕೂ ನಡುವೆ ಮೊಳಕಾಲುದ್ದದ ಕೆಸರು. ಪ್ಯಾಂಟು ತಲೆಗೆ ಸುತ್ತಿಕೊಂಡು, ಬೂಟು ಕೊರಳಿಗೆ ಹಾಕಿಕೊಂಡು ದಾಟುವಾಗ, ದಡದಲ್ಲಿ ಮೀನು ಒಣಗಿಸುತ್ತಿದ್ದ ಪಾರೂಬಾಯಿ "ಕಾಯ್ ಮಾಸ್ತರ್, ಆಫೀಸ್ ಕೋ ಸಾಹೇಬ್ ಬನ್‌ಕೆ ಚಲೇ?" ಎಂದು ಕೇಳುವಳು. ನಾನು ಮಾಸ್ತರನಲ್ಲ ಎಂದು ತಿದ್ದಲು ಅರೆಬತ್ತಲೆಯ ಸ್ಥಿತಿ ಅನುಕೂಲವಾಗಿರಲಿಲ್ಲ. ಕೆಸರು ಹೆಚ್ಚಿದ ದಿನಗಳಲ್ಲಿ ರಜೆ ಹಾಕಿದೆ. ಹೀಗೇ ರಜೆಗಳೆಲ್ಲ ಕೆಸರಿನ ಪಾಲಾದವು. ಕೊನೆಗೆ ಒಂದು ಉಪಾಯ ಹೊಳೆಯಿತು: ಪ್ರತಿ ದೊಡ್ಡ ಉಬ್ಬರಕ್ಕೂ ಹಗ್ಗ ಎಳೆದು ದೋಣಿಯನ್ನು ದಡಕ್ಕೆ ಒಂದೊಂದು ಮಾರು ಹತ್ತಿರ ತಂದೆ. ನಡೆಯಬೇಕಾದ ಕೆಸರು ಕಡಿಮೆಯಾಯಿತು. ಸ್ನಾತಕೋತ್ತರ ಪದವಿ ಪಡೆದದ್ದು ಇಲ್ಲಿ ಉಪಯೋಗಕ್ಕೆ ಬಂತಲ್ಲ ಎಂದು ಹೆಮ್ಮೆಪಟ್ಟೆ.

ದಡ ಹತ್ತಿರವಾದ ಮೇಲೆ ಸಾಮಾನು ತರುವುದೂ ಸುಲಭವಾಯಿತು. ಮಾಟುಂಗದ ಗೆಳೆಯರ ಮನೆಯಲ್ಲಿ ಇಟ್ಟಿದ್ದ ನನ್ನ ಪುಸ್ತಕದ ಟ್ರಂಕುಗಳು ಬಂದವು. ಆರಾಮಕುರ್ಚಿ ಬಂತು. ಎರಡು ತಿಂಗಳು ದೋಸೆಯಿಲ್ಲದೆ ಕಳೆದ ಮೇಲೆ ರುಬ್ಬುವ ಕಲ್ಲನ್ನೂ ತರಿಸಿದೆ. "ದೋಣಿಗೆ ಕಲ್ಲೇನ್ರಿ?" ಎಂದಳು ಶಾರದೆ. "ಮನಿ ಅಂದಮ್ಯಾಲೆ ಕಲ್ಲು ಬ್ಯಾಡೇನು?" ಎಂದೆ ನಾನು.

ಮೊದಮೊದಲು ದೋಣಿ ಉಬ್ಬರಕ್ಕೆ ಎದ್ದು ತೂಗಾಡಿದಾಗ ನನಗೆ ಹೊಟ್ಟೆ ತೊಳಸುತ್ತಿತ್ತು. ಶ್ರಾವಣದ ಹೊತ್ತಿಗೆ ಅದು ನಿಂತೇಹೋಯಿತು. ನೀರು ಏರಲಿ ಇಳಿಯಲಿ, ನನಗೆ ಏನೂ ಆಗದು. ಲೋಟದ ಕಾಫಿ ತುಳುಕದು. ಭಾನುವಾರ ಮಾಟುಂಗಕ್ಕೆ ಹೋದಾಗ ಗೆಳೆಯರೆದುರು, "ಮೊದ್ಲು ತ್ರಾಸ ಆಗ್ತದ. ಆಮ್ಯಾಲೆ ಸಮುದ್ರನ ನಮ್ಮನ್ನ ಒಪ್ಕೋತದ" ಎಂದು ಕಾಲ ಮೇಲೆ ಕಾಲು ಹಾಕಿ ಹೇಳುತ್ತಿದ್ದೆ. ಶಾರದೆ ಒಮ್ಮೆ, "ರೀ, ಈ ದೋಣಿ ಈಗೀಗ ಅಲುಗೂದೇ ಇಲ್ವಲ್ಲ?" ಎಂದಳು. ಮನುಷ್ಯನ ಒಳಗಿವಿಯಲ್ಲಿ ಒಂದು ದ್ರವವಿರುತ್ತದೆಂದೂ, ಅಭ್ಯಾಸದಿಂದ ಅದು ಸಮತೋಲ ಸಾಧಿಸುತ್ತದೆಂದೂ, ಈಗ ನಾವು ನಾವಿಕರಾಗಿದ್ದೇವೆಂದೂ ವಿವರಿಸಿದೆ. ಆ ದಿನದ ದಿನಚರಿಯಲ್ಲಿ "ಕಡಲು ಕಾಲಿಗೆ ಒಗ್ಗಿತು" ಎಂದು ಬರೆದಿದ್ದೇನೆ. ಹರಿದುಹಾಕಲು ಶಾರದೆ ಬಿಟ್ಟಿಲ್ಲ.

ದೀಪಾವಳಿಯ ಹಿಂದಿನ ದಿನ ವಾಮನ ಬಂದ. ಕೂವೆಮರದ ತುದಿಯಲ್ಲಿ ಶಾರದೆ ಕಟ್ಟಿದ ಆಕಾಶಬುಟ್ಟಿ, ಕೆಳಗೆ ತುಳಸಿ ಡಬ್ಬ, ಒಣಗಲು ಹಾಕಿದ ನನ್ನ ಪಂಚೆ ಎಲ್ಲವನ್ನೂ ನೋಡಿದ. ದೋಸೆ ತಿಂದ. ನೀರು ಏರುವ ಹೊತ್ತು. ಸುತ್ತ ನೋಡಿದ, ಕಾಲಿನಿಂದ ಹಲಗೆಯನ್ನು ಒತ್ತಿದ, ಇನ್ನೊಮ್ಮೆ ಒತ್ತಿದ.

"ಭಾವ, ಇದು ತೇಲ್ತಾ ಇಲ್ಲ."

"ಅಂದ್ರ?"

"ಕೂತ್ಕೊಂಡದೆ. ಕೆಸರಲ್ಲಿ. ಎಷ್ಟು ತಿಂಗ್ಳಾಯ್ತೋ ಏನೋ."

ನನ್ನ ಒಳಗಿವಿಯ ದ್ರವ ಆಗ ನಿಜಕ್ಕೂ ಅಲುಗಾಡಿತು. ಶಾರದೆ ಬಿದಿರಿನ ಗಳವನ್ನು ಎತ್ತಿ ಮೂಲೆಗೆ ನಿಲ್ಲಿಸಿದಳು. ಆ ಶಬ್ದ ನೆನಪಿದೆ, ಅವಳೂ ಒಪ್ಪುತ್ತಾಳೆ. ಮರುದಿನ ಅಮಾವಾಸ್ಯೆ, ಮಧ್ಯಾಹ್ನ ಆ ಋತುವಿನ ಅತಿ ದೊಡ್ಡ ಉಬ್ಬರ. ಅದಕ್ಕೆ ಎದ್ದರೆ ಎದ್ದಿತು. ಇಲ್ಲವಾದರೆ ಅಷ್ಟು ದೊಡ್ಡ ನೀರು ಮತ್ತೆ ಬರುವಷ್ಟರಲ್ಲಿ ವಾಮನನ ಎರಡು ತಿಂಗಳ ರಜೆ ಕರಗಿ, ಕೊಚ್ಚಿಯೂ ಇಲ್ಲ, ಕಾಲುವೆಯೂ ಇಲ್ಲ.

ಬೆಳಗಿನಿಂದ ಸಾಮಾನು ಇಳಿಸಿದೆವು. ಪಾರೂಬಾಯಿ ತನ್ನ ಹೋಡಿ ತಂದು, ಆರಾಮಕುರ್ಚಿ ನೋಡಿ, "ಮಾಸ್ತರ್, ಪೂರಾ ಬಿಲ್ಡಿಂಗ್ ಬಾಂಧಲಾ! ಲಿಫ್ಟ್ ಕುಠೇ ಆಹೇ?" ಎಂದು ಕೂಗಿದಳು. ಅವಳು ಎಲ್ಲಿ ಎಂದು ಕೇಳಿದ ಲಿಫ್ಟ್ ಒಂದು ಬಿಟ್ಟು ನಾನು ಕಟ್ಟಿದ ಕಟ್ಟಡವೆಲ್ಲ ಇಳಿಯಿತು: ಟ್ರಂಕುಗಳು, ಕುರ್ಚಿ, ಕಡೆಗೆ ಇಬ್ಬರು ಹಿಡಿದು ಉರುಳಿಸಿದ ಕಲ್ಲು. ನೀರು ಏರಿತು. ದೋಣಿ ಒಮ್ಮೆ ನಿಟ್ಟುಸಿರಿಟ್ಟಂತೆ ಕಿರುಗುಟ್ಟಿ ಮತ್ತೆ ಸುಮ್ಮನಾಯಿತು. ಶಾರದೆ ಗಳ ಹಿಡಿದು ಹಿಂದೆ ನಿಂತಿದ್ದಳು. ಇಳಿಸಲು ಇನ್ನೇನು ಉಳಿದಿದೆ ಎಂದು ವಾಮನ ಸುತ್ತ ನೋಡಿದ. ಶಾರದೆಯೂ ನೋಡಿದಳು. ಇಬ್ಬರ ಕಣ್ಣೂ ಒಂದೇ ಕಡೆ ಬಂದು ನಿಂತವು. ಎರಡು ತಿಂಗಳ ದೋಸೆ ನನ್ನ ಮೇಲೆ ಗುರುತು ಬಿಟ್ಟಿತ್ತು.

"ಒಂದೇ ನಿಮಿಷ ಭಾವ. ಎದೆಮಟ್ಟ ನೀರು, ಅಷ್ಟೆ. ಇಳಿದು ಸ್ವಲ್ಪ ನೂಕಿ."

ದೇವರ ಹೆಸರು ಹೇಳಿ ಇಳಿದೆ, ಭುಜ ಕೊಟ್ಟು ನೂಕಿದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಶಾರದೆಯ ಗಳವೂ ನನ್ನ ಭುಜವೂ ಒಟ್ಟಿಗೆ ಒತ್ತಿದವು. ನನ್ನ ಕೈಯ ಕೆಳಗೆ ಮನೆ ಹಗುರಾಯಿತು, ಎದ್ದಿತು, ತೂಗಾಡಿತು, ಹೋಯಿತು. ಹತ್ತಲು ಕೈ ಚಾಚಿದೆ. ಅಷ್ಟರಲ್ಲಿ ನಮ್ಮ ನಡುವೆ ಬರೀ ನೀರು.

"ನಿಲ್ಸಿದ್ರೆ ಮತ್ತೆ ಕೂರ್ತದೆ! ಕೊಚ್ಚಿಗೆ ರೈಲಲ್ಲಿ ಬನ್ನಿ ಭಾವ!" ಎಂದು ವಾಮನ ಕೂಗಿದ. ಶಾರದೆ ತಿರುಗಿ ನೋಡಿದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ನನ್ನ ಕನ್ನಡಕಕ್ಕೆ ಉಪ್ಪುನೀರು ಹತ್ತಿತ್ತು. ಆದರೆ ಕೂಗಿದ್ದು ಸ್ಪಷ್ಟವಾಗಿ ಕೇಳಿತು: "ರೀ, ಸಾಮಾನು ಕಾಯ್ಕೊಳ್ರಿ!"

ದಡಕ್ಕೆ ಬಂದು ರುಬ್ಬುವ ಕಲ್ಲಿನ ಮೇಲೆ ಕುಳಿತೆ. ಪಾರೂಬಾಯಿ ಪಕ್ಕದಲ್ಲಿ ನಿಂತು ಹಾಯಿ ತಿರುವು ದಾಟುವವರೆಗೆ ನೋಡಿ, "ಬಾಯ್ಕೋ ಗೇಲೀ, ಪತ್ಥರ್ ರಾಹಿಲಾ" ಎಂದು ನನ್ನ ಸ್ಥಿತಿಯನ್ನು ಎರಡು ಮಾತಿನಲ್ಲಿ ಮುಗಿಸಿದಳು. ಹೆಂಡತಿ ಹೋಗಿ ಕಲ್ಲು ಉಳಿದಿತ್ತು. ದೋಣಿಯಲ್ಲಿದ್ದಿದ್ದರೆ ರಜೆಯ ಯೋಚನೆಯಿಲ್ಲದೆ ಹೋಗಿಬಿಡುತ್ತಿದ್ದೆ, ದಡದಲ್ಲಿ ಉಳಿದವನಿಗೆ ರೈಲು ಹತ್ತಲು ರಜೆ ಬೇಕಿತ್ತು. ಅದು ಆಗಲೇ ಖಾಡಿಯ ಕೆಸರಿನಲ್ಲಿ ಹೂತುಹೋಗಿತ್ತು. ಬೊರಿವಲಿಯಲ್ಲಿ ಒಂದು ಕೋಣೆ ಹಿಡಿದು, ಎರಡು ತಿಂಗಳು ಒಬ್ಬನೇ ದೋಸೆ ರುಬ್ಬಿದೆ.

ಶಾರದೆ ಅಂಗೈಯಲ್ಲಿ ಗಟ್ಟಿ ಗುಳ್ಳೆಗಳನ್ನೂ ಬಾಯ್ತುಂಬ ಕತೆಗಳನ್ನೂ ಹೊತ್ತು ಬಂದಳು. ಕೊಳೆಯಲು ಹಾಕಿದ ತೆಂಗಿನ ನಾರಿನ ವಾಸನೆ, ನೀರಿಗೆ ಮೆಟ್ಟಿಲಿಳಿಸಿಕೊಂಡ ಮನೆಗಳು, ಒಂದು ಸೇತುವೆಯಡಿ ಕೂವೆಮರ ಮಡಚುವುದು ತಡವಾಗಿ ಆಕಾಶಬುಟ್ಟಿ ಚಿಂದಿಯಾದದ್ದು. ಎಷ್ಟೋ ದಿನ ಕೇಳಿದೆ. ಆಮೇಲೆ ಮಾಟುಂಗದಲ್ಲಿ ಯಾರೋ ಕೇಳಿದರೆಂದು ನಾನೂ ಸ್ವಲ್ಪ ಹೇಳಿದೆ. ವರ್ಷ ಕಳೆದಂತೆ ಹೇಳಿಕೆಯಲ್ಲಿ 'ಅವರು' ಹೋಗಿ 'ನಾವು' ಬಂತು. ಯಾವಾಗ ಬಂತೋ ತಿಳಿಯದು, ದೋಣಿ ಕೆಸರಿನಲ್ಲಿ ಕುಳಿತ ದಿನ ತಿಳಿಯದಂತೆಯೇ. ಆ ಎರಡು ತಿಂಗಳ ದಿನಚರಿಯಲ್ಲಿ ಬೊರಿವಲಿಯ ನಲ್ಲಿನೀರಿನ ಸಮಾಚಾರ ಬಿಟ್ಟು ಬೇರೇನೂ ಇಲ್ಲ. ಆದರೂ ಆ ಸೇತುವೆಯ ತಳದ ಪಾಚಿ, ಅಲ್ಲಿಂದ ಕುತ್ತಿಗೆಗೆ ಬಿದ್ದ ತಣ್ಣನೆಯ ಹನಿ ನನಗೆ ಚೆನ್ನಾಗಿ ನೆನಪಿದೆ. ಶಾರದೆ ಒಪ್ಪದ ಸಂಗತಿ ಇದೇ.

ಮೊದಮೊದಲು ನೆಂಟರ ಮುಂದೆಯೇ, "ಇವ್ರೆಲ್ಲಿದ್ರು? ಇವ್ರು ದಡದ ಮೇಲೆ ಕಲ್ಲು ಕಾಯ್ತಿದ್ರು" ಎನ್ನುತ್ತಿದ್ದಳು. ಈಗ ತಕರಾರು ಬಿಟ್ಟಿದ್ದಾಳೆ. ನಾನು ಕಾಲುವೆಯ ಕತೆ ಹೇಳುತ್ತ ಹೇಳುತ್ತ ಆ ಜಾಗಕ್ಕೆ ಬಂದಾಗ ಒಳಗಿನಿಂದ ಒಗ್ಗರಣೆಯ ಸದ್ದಿನ ಜೊತೆ ಅವಳ ದನಿ ಕೇಳುತ್ತದೆ: "ಸೇತುವೆ ಬಂತು!"

ನಾನು ತಲೆ ಬಗ್ಗಿಸುತ್ತೇನೆ.