ಗರಸು ದಾರಿಯಲ್ಲಿ ಕೆಂಪಕ್ಕನ ಸವಾರಿ

ಇಲ್ಲ, ತೂಬಿನ ತನಕ ಆಕೆ ನನ್ನ ಸೈಕಲ್ಲಿನ ಹಿಂದೆ ಇದ್ದಳು. ಇದ್ದಳು ಅಂತಲೇ ನನ್ನ ನೆನಪು. ಆದರೆ ನನ್ನ ನೆನಪು ಅಷ್ಟೇನೂ ನಂಬಿಕಸ್ಥನಲ್ಲ. ಕೇಳಿದ ಮಾತನ್ನೇ ನಾಲ್ಕು ಸಲ ಹೇಳಿ, ಐದನೆಯ ಸಲಕ್ಕೆ ತಾನೇ ಕಣ್ಣಾರೆ ಕಂಡೆ ಎಂದು ಸಾಕ್ಷಿ ನುಡಿಯುವ ಜಾತಿ ಅದು. ಆದ್ದರಿಂದ ಅನುಮಾನವಿಲ್ಲದ ಕಡೆಯಿಂದ ಶುರು ಮಾಡುತ್ತೇನೆ.

ಆಕೆ ಎಂದರೆ ಕೆಂಪಕ್ಕ, ಮಲ್ಲತ್ತಹಳ್ಳಿಯ ಸೂಲಗಿತ್ತಿ. ಐವತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಗುಮಾಸ್ತ, ಕಾಮಾಕ್ಷಿಪಾಳ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಸರೋಜಳಿಗೆ ಚೊಚ್ಚಲು ಬಸಿರು. ಮಲ್ಲತ್ತಹಳ್ಳಿಯ ಅವಳ ತವರುಮನೆಯಲ್ಲಿ ಹಳೆಯ ಹೆಂಚು ಇಳಿಸಿ ಹೊಸದು ಹೊದಿಸುತ್ತಿದ್ದರು. ಸೂರಿಲ್ಲದ ಮನೆಯಲ್ಲಿ ಬಾಣಂತನವಾಗದು ಎಂದು ಅತ್ತೆಯವರೇ ನಮ್ಮಲ್ಲಿಗೆ ಬಂದಿದ್ದರು. ಇನ್ನೂ ಎಂಟು ದಿನ ಇದೆ ಎಂದು ಅವರು ಲೆಕ್ಕ ಹೇಳಿದ ಮರುದಿನ ಬೆಳಿಗ್ಗೆ, ಕಾಫಿಯ ಹೊತ್ತಿಗೆ, ಸರೋಜ ಲೋಟವನ್ನು ಕೆಳಗಿಟ್ಟು ಗೋಡೆ ಹಿಡಿದುಕೊಂಡಳು.

"ಆಸ್ಪತ್ರೆಗೆ ಹೋಗೋಣ," ಅಂದೆ.

"ನನ್ನನ್ನ ಹಿಡಿದಿದ್ದು ಕೆಂಪಕ್ಕ. ನನ್ನ ತಂಗೀರನ್ನ ಹಿಡಿದಿದ್ದೂ ಕೆಂಪಕ್ಕ. ಅವಳು ಬರೋತನಕ ನಾನು ಹೆರೋದಿಲ್ಲ. ಹೋಗ್ರೀ, ಕರ್ಕೊಂಡು ಬನ್ನಿ."

ಅತ್ತೆಯವರು ಒಳಗಿನಿಂದ ಹೇಳಿದರು: "ಒಂದು ಜಟಕಾ ಮಾಡ್ಕೊಳ್ಳಿ ಅಳಿಯಂದ್ರೇ. ಮಾಗಡಿ ರಸ್ತೇಲಿ ನೆಟ್ಟಗೆ ಹೋಗಿ, ನೆಟ್ಟಗೆ ಬನ್ನಿ."

ಈ ಸರಳ ಸಲಹೆಯನ್ನು ನಾನು ಪಾಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ನನ್ನ ಬಳಿ ಮಾವನವರು ಮದುವೆಯಲ್ಲಿ ಕೊಟ್ಟ ಸೈಕಲ್ಲಿತ್ತು. ಅದಕ್ಕಿಂತ ಅಪಾಯಕಾರಿಯಾಗಿ, ಒಂದು ಸಿದ್ಧಾಂತವಿತ್ತು. ಮಾಗಡಿ ರಸ್ತೆ ಎಂದರೆ ಸೌದೆ ಗಾಡಿ, ದನ, ಧೂಳೆಬ್ಬಿಸುವ ಬಸ್ಸು, ಡಬಲ್ಸ್ ಹೋದರೆ ಹಿಡಿದು ನಿಲ್ಲಿಸುವ ಪೊಲೀಸಪ್ಪ. ಮಲ್ಲತ್ತಹಳ್ಳಿ ಕೆರೆಯ ಆಚೆ ದಂಡೆಯ ದಾರಿಯೋ, ಒಂದು ವಾಹನವೂ ಇಲ್ಲದ್ದು. ಹಿಂದೆ ಯಾವಾಗಲೋ ಕಲ್ಲುಗಾಡಿಗಳಿಗಾಗಿ ಗರಸು, ಎಂದರೆ ಜಲ್ಲಿಮಣ್ಣು, ಹಾಕಿದ್ದ ದಾರಿ ಅದು. ಒಂದು ಕಡೆ ಬಂಡೆಗಳು ನೀರಿನವರೆಗೂ ಇಳಿದಿದ್ದವು; ಇನ್ನೊಂದು ಕಡೆ ಕಳ್ಳಿಯ ಬೇಲಿ. ಸಮುದ್ರ ನೋಡದಿದ್ದ ನಾನು ಭಾನುವಾರಗಳಂದು ಅಲ್ಲಿ ಒಬ್ಬನೇ ಸೈಕಲ್ ಹೊಡೆದು, ಇದೇ ನನ್ನ ಕಡಲ ತೀರ ಎಂದು ಮನೆಗೆ ಬಂದು ವರ್ಣಿಸುತ್ತಿದ್ದೆ. "ಅಲ್ಲಿ ಎಮ್ಮೆ ತೊಳೀತಾರೆ," ಎಂದು ಸರೋಜ ತಿದ್ದುತ್ತಿದ್ದಳು.

ಹೋಗುವಾಗ ಯಾವ ತೊಂದರೆಯೂ ಆಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಸಾಧನೆಯೆಲ್ಲ ಅಲ್ಲಿಗೆ ಮುಗಿಯಿತು.

ಕೆಂಪಕ್ಕ ಅಂಗಳ ಗುಡಿಸುತ್ತಿದ್ದಳು. "ನೋವು ಎಷ್ಟೊತ್ತಿಗೊಂದ್ ಕಿತ ಬತ್ತೈತೆ?" ಎಂದು ಕೇಳಿದಳು. ನಾನು ಗಮನಿಸಿರಲಿಲ್ಲ. "ನಿಮ್ಮತ್ತೆ ಏನಂದ್ರು?"

"ಜಟಕಾ ಮಾಡ್ಕೊಂಡು ಹೋಗಿ ಅಂದ್ರು."

"ಎಲ್ಲಿ ಜಟಕಾ?"

ನಾನು ಸೈಕಲ್ಲನ್ನು ತೋರಿಸಿದೆ. ಕಾಲು ಮುಂದಾಗಿ ಬರುತ್ತಿರುವ ಕೂಸನ್ನು ನೋಡುವಂತೆ ಆಕೆ ಅದನ್ನು ನೋಡಿದಳು. ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ನನ್ನ ಹ್ಯಾಂಡಲ್ಲಿಗೆ ಸಿಕ್ಕಿಸಿದಳು. ಅದು ಆಕೆಯ ಸಲಕರಣೆಗಳ ಗಂಟು ಎಂದು ನಾನು ಪೂಜ್ಯಭಾವದಿಂದ ಅದರ ಗಂಟನ್ನು ಇನ್ನೊಮ್ಮೆ ಬಿಗಿದೆ.

"ರಸ್ತೆ ಈ ಕಡೆ ಐತಲ್ಲ ಅಳಿಮಯ್ಯ. ಕೆರೆ ಕಡೆ ಯಾಕೆ ತಿರುಗಿಸ್ತೀರಿ?"

"ಅಲ್ಲಿ ಒಂದು ಗಾಡಿಯೂ ಬರಲ್ಲ ಕೆಂಪಕ್ಕ."

"ಬಿದ್ರೆ ಎತ್ತೋಕೂ ಯಾರೂ ಬರಾಕಿಲ್ಲ."

ಆದರೂ ಕ್ಯಾರಿಯರಿನ ಮೇಲೆ ಕೂತಳು. ಕೂತಳು ಎಂದೇ ಇಟ್ಟುಕೊಳ್ಳೋಣ.

ಆಗ ನನಗೆ ಗೊತ್ತಿಲ್ಲದಿದ್ದ ಒಂದು ಸಂಗತಿಯನ್ನು ಈಗ ಹೇಳಬೇಕು. ಆ ಕೆರೆಯ ತೂಬಿನ ಪಕ್ಕ ಅರಿಶಿನ ಕುಂಕುಮ ಮೆತ್ತಿದ ಒಂದು ಕಲ್ಲಿತ್ತು. ಹೆರಿಗೆಗೆ ಹೊರಟ ಸೂಲಗಿತ್ತಿ ಅದನ್ನು ಕೂತುಕೊಂಡು ದಾಟುವಂತಿಲ್ಲ. ಗಾಡಿಯಲ್ಲಿರಲಿ, ಹೆಗಲ ಮೇಲಿರಲಿ, ಇಳಿದು, ನೆಲಕ್ಕೆ ಕಾಲೂರಿ, ಕೈ ಮುಗಿದೇ ಮುಂದೆ ಹೋಗಬೇಕು. ಊರಿನ ಗಾಡಿಯವರೆಲ್ಲ ಅಲ್ಲಿ ಹೇಳದೆಯೇ ಎತ್ತು ನಿಲ್ಲಿಸುತ್ತಿದ್ದರಂತೆ. ಪಟ್ಟಣದ ಅಳಿಯನಿಗೆ ಹೇಳಬೇಕೆಂದು ಯಾರಿಗೆ ಹೊಳೆದೀತು? ಕೆಂಪಕ್ಕ "ನಿಲ್ಸಿ" ಎಂದಿರಬೇಕು. ಆದರೆ ಗರಸಿನ ಕರಕರ, ಮಡ್‌ಗಾರ್ಡಿನ ಬಡಬಡ, ಇವೆರಡನ್ನೂ ಮೀರಿಸಿ ನನ್ನ ಮಾತು. ತೂಬಿನ ಹತ್ತಿರ ಏರು. ನಾನು ಎದ್ದು ನಿಂತು ಪೆಡಲ್ ತುಳಿಯುತ್ತಿದ್ದೆ, ಸೈಕಲ್ಲು ನಡೆಯುವಷ್ಟು ನಿಧಾನವಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಹಗುರವಾಯಿತು.

ಅಭ್ಯಾಸಬಲ ಎಂದುಕೊಂಡೆ.

ಮುಂದಿನ ದಾರಿ ಅದ್ಭುತವಾಗಿತ್ತು. ಎಡಗಡೆ ಬಂಡೆ, ಬಂಡೆಯ ಕೆಳಗೆ ನೀರು, ಎದುರಿಗೆ ಗಾಳಿ. ಒಂದು ಗಾಡಿಯಿಲ್ಲ, ಒಬ್ಬ ಪೊಲೀಸಿಲ್ಲ. ಕಾಲ ಬದಲಾಗುತ್ತಿದೆ, ಸೂಲಗಿತ್ತಿಯರೂ ಸೈಕಲ್ ಕಲಿಯಬೇಕು ಎಂದು ನಾನು ಕೆಂಪಕ್ಕನಿಗೆ ವಿವರಿಸಿದೆ. ಆಕೆ ವಿರೋಧಿಸಲಿಲ್ಲ. "ಸವಾರಿ ಹೇಗಿದೆ?" ಎಂದೆ. ಉತ್ತರವಿಲ್ಲ. ಮಾತು ಹೊರಡದಷ್ಟು ಸುಖವಾಗಿದೆ ಎಂದು ಅರ್ಥ ಮಾಡಿಕೊಂಡೆ.

ದಂಡೆ ತಿರುಗುವಲ್ಲಿ ಗರಸು ದಪ್ಪವಾಗಿತ್ತು. "ಇಲ್ಲಿ ಸ್ವಲ್ಪ ಇಳೀರಿ ಕೆಂಪಕ್ಕ," ಎಂದು ಸೌಜನ್ಯದಿಂದ ಕಾಲೂರಿ ಹಿಂತಿರುಗಿದೆ. ಇಳಿಯಲು ಯಾರೂ ಇರಲಿಲ್ಲ.

ಹಿಂದೆ ದಾರಿ ಖಾಲಿ. ಪಕ್ಕದಲ್ಲಿ ನೀರು. ಮನೆಯಲ್ಲಿ ಗೋಡೆ ಹಿಡಿದು ನಿಂತ ಸರೋಜ. ನಾನು ಕೂಗಿದ ಕೂಗಿಗೆ ಎಮ್ಮೆ ತೊಳೆಯುತ್ತಿದ್ದ ಇಬ್ಬರು ರೈತರು ಓಡಿ ಬಂದರು.

"ಕೆಂಪಕ್ಕ ನೀರಿಗೆ ಬಿದ್ದುಬಿಟ್ರು!"

"ಎಲ್ಲಿ ಬಿದ್ರು ಸಾಮಿ?" ಎಂದ ಹಿರಿಯವನು.

"ಗೊತ್ತಿಲ್ಲ."

"ಯಾವಾಗ?"

"ಗೊತ್ತಿಲ್ಲ."

"ಜೊತೇಲಿ ಯಾರಿದ್ರು?"

"ನಾನೇ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ, ಅವರ ಹೊಟ್ಟೆ ತಣ್ಣಗಿರಲಿ, ಇಬ್ಬರೂ ನೀರಿಗಿಳಿದು ಹುಡುಕಿದರು. ಹಿರಿಯವನು ನಡುವಿನಲ್ಲಿ ನಿಂತು ಕೂಗಿದ: "ಬ್ಯಾಸ್ಗೆ ಸಾಮಿ. ನೀರು ಮೊಣಕಾಲುದ್ದ ಐತೆ. ಇದ್ರಾಗೆ ಕೆಂಪಕ್ಕ ಮುಳುಗಬೇಕು ಅಂದ್ರೆ ಮಲಿಕ್ಕೋಬೇಕು."

ನಾನೂ ನೆರವಾಗಲೆಂದು ಬಂಡೆಯಂಚಿಗೆ ಸೈಕಲ್ ತಿರುಗಿಸಿದೆ. ಸೈಕಲ್ಲಿನಿಂದ ಇಳಿದು ಹೋಗಬಹುದಿತ್ತು. ಗರಸು ಜಾರಿತು. ಮೊಣಕಾಲುದ್ದದ ಆ ನೀರಿನಲ್ಲಿ ಪೂರ್ತಿ ಮುಳುಗಿದವನು ಆ ದಿನ ನಾನೊಬ್ಬನೇ. ಮುಂದಿನ ಚಕ್ರ ದೋಸೆಯಂತೆ ಮಡಚಿಕೊಂಡಿತ್ತು. ಗಂಟನ್ನು ಮಾತ್ರ ಒಂದು ಕೈಯಲ್ಲಿ ಮೇಲೆತ್ತಿ ಹಿಡಿದಿದ್ದೆ.

ಎಷ್ಟು ಹುಡುಕಿದರೂ ಕೆಂಪಕ್ಕ ಸಿಗದೆ, ಕೊನೆಗೆ ಮನೆಗೆ ಮಾಗಡಿ ರಸ್ತೆಯನ್ನೇ ಹಿಡಿದೆ. ಸೈಕಲ್ಲು ಹೆಗಲ ಮೇಲೆ, ಗಂಟು ಎದೆಗೆ. ಪಕ್ಕದಲ್ಲಿ ಜಟಕಾಗಳು ಒಂದರ ಹಿಂದೆ ಒಂದು ಹೋದವು. ಒಬ್ಬ ಪೊಲೀಸಪ್ಪ ನನ್ನನ್ನು ನೋಡಿದ. ಸೈಕಲ್ಲು ನನ್ನ ಮೇಲೆ ಸವಾರಿ ಮಾಡುವುದು ತಪ್ಪೋ ಅಲ್ಲವೋ ತಿಳಿಯದೆ ಬಿಟ್ಟ. ದಾರಿಯುದ್ದಕ್ಕೂ ಒಂದು ವಾಕ್ಯ ಕಟ್ಟುತ್ತಿದ್ದೆ: "ಸರೋಜ, ಧೈರ್ಯ ತಂದುಕೋ." ಮುಂದಿನ ವಾಕ್ಯ ಹೊಳೆಯಲಿಲ್ಲ. ಸೂಲಗಿತ್ತಿಯನ್ನು ಕಳೆದುಕೊಂಡೆ ಎಂದು, ನೋವು ತಿನ್ನುತ್ತಿರುವವಳ ಮುಂದೆ ಹೇಗೆ ಹೇಳುವುದು?

ಮನೆ ತಲುಪಿದಾಗ ಮಧ್ಯಾಹ್ನ. ಹೊಸಿಲಲ್ಲಿ ಕೆಂಪಕ್ಕ ಕೂತಿದ್ದಳು.

"ಎಲ್ಲಿ ನನ್ನ ಗಂಟು? ಎಲೆ ಅಡಿಕೆ ಇಲ್ದೆ ಬೆಳಗ್ಗಿಂದ ಬಾಯಿ ಸಪ್ಪಗೈತೆ."

ಗಂಟು ಬಿಚ್ಚಿದಳು. ಐದಾರು ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದು ಹಳೆ ಸೀರೆ. ನಾನು ಪ್ರಾಣ ಪಣಕ್ಕಿಟ್ಟು ಕಾಪಾಡಿದ ಸಲಕರಣೆ ಇಷ್ಟೆ. ಬೇಕಾದ ದಾರ, ಎಣ್ಣೆ, ಬ್ಲೇಡು ಎಲ್ಲವನ್ನೂ ಅತ್ತೆಯವರು ವಾರದ ಹಿಂದೆಯೇ ಅಣಿ ಮಾಡಿ ಇಟ್ಟಿದ್ದರು.

ತೂಬಿನ ಕಲ್ಲಿಗೆ ಕೈ ಮುಗಿದು ಆಕೆ ತಿರುಗಿ ನೋಡುವಷ್ಟರಲ್ಲಿ, ನಾನು ಕೈ ಆಡಿಸಿ ಏನೋ ಭಾಷಣ ಮಾಡುತ್ತ ಹೋಗುತ್ತಿದ್ದೆನಂತೆ. ಕೂಗಿ ನೋಡಿ, ಕೆರೆ ಏರಿಯ ಮೇಲಿಂದ ಅಡ್ಡ ನಡೆದು ಮಾಗಡಿ ರಸ್ತೆ ಸೇರಿ, ಸೌದೆ ಗಾಡಿಯೊಂದನ್ನು ಹತ್ತಿ ಬಂದಳಂತೆ. ನೆಟ್ಟಗೆ.

ಒಳಗಿನಿಂದ ಒಂದು ಸಣ್ಣ, ಬಹಳ ಕೋಪದ ಅಳು ಕೇಳಿಸಿತು.

"ಹೆಣ್ಣು. ಇಬ್ಬರೂ ಚೆನ್ನಾಗವ್ರೆ," ಎಂದಳು ಕೆಂಪಕ್ಕ.

ನಾನು ಅಲ್ಲೇ ಆಕೆಯ ಕಾಲಿಗೆ ಬಿದ್ದೆ. ಕಾಲು ತೊಯ್ದು ಹೋಯಿತು. "ಏಳಿ ಅಳಿಮಯ್ಯ. ಇವತ್ತು ಎಷ್ಟು ಕಿತ ಬೀಳ್ತೀರಿ," ಎಂದು ತಲೆ ಮುಟ್ಟಿದಳು. ಅತ್ತೆಯವರು ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಗುವಿಗೆಂದು ಕಾಯಿಸಿದ ನೀರಿನಲ್ಲಿ ಮಿಕ್ಕಿದ್ದನ್ನು ಬಚ್ಚಲಿಗೆ ಸುರಿದು, "ನೀವೂ ಮೀಯ್ರಿ," ಎಂದರು. ಪಾಚಿ ತೊಳೆದ ಮೇಲೆಯೇ ಮಗಳನ್ನು ಮುಟ್ಟಲು ಬಿಟ್ಟರು.

ಇಷ್ಟು ವರ್ಷಗಳಾದ ಮೇಲೂ ಆ ದಿನಕ್ಕೆ ನಾನು ಕೃತಜ್ಞ. ತೂಬಿನ ಕಲ್ಲಿಗೆ, ಆ ಸೌದೆ ಗಾಡಿಯವನಿಗೆ, ಅಲ್ಲಿ ಇಲ್ಲದವಳಿಗಾಗಿ ನೀರಿಗಿಳಿದ ಇಬ್ಬರಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನನ್ನು ನಂಬಿ ಕೂತುಕೊಳ್ಳದೆ ಸಕಾಲದಲ್ಲಿ ಇಳಿದ ಕೆಂಪಕ್ಕನಿಗೆ.

ಇಳಿದದ್ದು ತೂಬಿನ ಹತ್ತಿರವೇ? ಮಗಳ ನಾಮಕರಣದ ದಿನ ಆಕೆ ಹಾಗೆಂದಳು. ಎರಡನೆಯ ಹೆರಿಗೆಗೆ, ಜಟಕಾದಲ್ಲಿ, ಬಂದಾಗ ತೂಬಿಗೂ ಮೊದಲು ಸಿಗುವ ಹುಣಸೆಮರದ ಹತ್ತಿರವೇ ಹಾರಿಕೊಂಡೆ, ಕಲ್ಲಿನ ತನಕ ನಡೆದೇ ಹೋದೆ ಎಂದು ನಕ್ಕಳು. ಸರೋಜಳದು ಇನ್ನೂ ಬೇರೆ ಮಾತು: "ಅವಳು ಹತ್ತಲೇ ಇಲ್ಲ ಕಣ್ರೀ. 'ನೀವು ನಡೀರಿ, ಬತ್ತೀನಿ' ಅಂದ್ಲಂತೆ. ನೀವು ನಡೆದ್ರಿ." ಕೇಳೋಣವೆಂದರೆ ಕೆಂಪಕ್ಕ ಈಗಿಲ್ಲ. ಖಾಲಿ ಕ್ಯಾರಿಯರಿಗೆ ನಾನು ಎಷ್ಟು ದೂರ ಬುದ್ಧಿ ಹೇಳುತ್ತ ಹೋದೆನೋ, ನನಗೆ ಗೊತ್ತಿಲ್ಲ.