ನನ್ನ ನಂಬರಿನ ಭಾಗಾಕಾರ

ಕೆಲವರಿಗೆ ತಮ್ಮದೆನ್ನುವುದು ಬಹಳ ತಡವಾಗಿ ಸಿಗುತ್ತದೆ. ಅಕ್ಕತಂಗಿಯರೊಂದಿಗೆ ಕಪಾಟು, ಬಾಚಣಿಗೆ, ಹೊದಿಕೆ ಎಲ್ಲವನ್ನೂ ಹಂಚಿಕೊಂಡು ಬೆಳೆದ ನನಗೆ ಮೊದಲ ಬಾರಿ ನನ್ನದೇ ಆಗಿ ಸಿಕ್ಕಿದ್ದು ಹತ್ತಂಕಿಯ ಒಂದು ಸಂಖ್ಯೆ, ಮೊಬೈಲ್ ನಂಬರು. ಅದನ್ನಿಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ. ನೋಡಿದ ಕೂಡಲೇ ಅದು ಅವಿಭಾಜ್ಯ, ಯಾವ ಸಣ್ಣ ಸಂಖ್ಯೆಯೂ ಅದನ್ನು ಶೇಷವಿಲ್ಲದೆ ಭಾಗಿಸಲಾರದು ಎನ್ನಿಸಿತು. ಅನ್ನಿಸಿದ್ದಕ್ಕೆ ಗಣಿತದಲ್ಲಿ ಬೆಲೆಯಿಲ್ಲ. ಕಾಲೇಜಿನ ಕಂಪ್ಯೂಟರು ಕ್ಷಣದಲ್ಲಿ ಹೇಳಿಬಿಡುತ್ತಿತ್ತು. ಆದರೆ ನನ್ನ ನಂಬರಿನ ಗುಣವನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವುದು ನನಗೆ ಸರಿಬರಲಿಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಗಣಿತ ಕಲಿಸಲು ಹೋಗುವ ಬಸ್ಸಿನಲ್ಲಿ ನೋಟುಬುಕ್ಕು ತೆರೆದು ಮೂರು, ಏಳು, ಹನ್ನೊಂದು ಎಂದು ಅವಿಭಾಜ್ಯಗಳಿಂದಷ್ಟೇ ಭಾಗಿಸುತ್ತ ಹೋದೆ. ಅದರ ವರ್ಗಮೂಲದವರೆಗೆ, ಅಂದರೆ ತೊಂಬತ್ತು ಸಾವಿರದಾಚೆಯವರೆಗೆ ಹೋಗಬೇಕಿತ್ತು. ಒಂದು ವರ್ಷದಲ್ಲಿ ನಾಲ್ಕು ಸಾವಿರದ ಹತ್ತಿರ ಬಂದಿದ್ದೆ. ಮುಂದೆ ಹೋದಂತೆ ಅವಿಭಾಜ್ಯಗಳು ವಿರಳವಾಗುತ್ತವೆ, ಆದರೂ ಇದೇ ವೇಗದಲ್ಲಿ ಮುಗಿಯಲು ಇನ್ನೂ ಹದಿನಾರು ವರ್ಷ. ಆ ಲೆಕ್ಕವನ್ನೂ ಅದೇ ನೋಟುಬುಕ್ಕಿನಲ್ಲಿ ಮಾಡಿ, ಹಾಳೆ ಮಡಿಚಿಟ್ಟೆ.

ಅಷ್ಟರಲ್ಲಿ ನಮ್ಮೊಂದಿಗೇ ಇರುವ ಸೋದರತ್ತೆ ಹಾವೇರಿಯ ಜ್ಯೋತಿಷಿಗೆ ನನ್ನ ನಂಬರು ಕೊಟ್ಟು ಬಂದಳು.

"ಮೂರು ಸಂಬಂಧ ಹೊಳ್ಳಿ ಹೋದ್ವು, ಯಾಕ ಗೊತ್ತೈತೇನು? ನಿನ್ನ ನಂಬರ ಕೂಡಿಸಿದ್ರ ಎಂಟು ಬರತೈತಿ. ಎಂಟಂದ್ರ ಶನಿ! ಒಂಬತ್ತು ಬರೂದು ತೊಗೋ."

ಅಂಕಿ ಕೂಡಿಸಿ ಒಂಬತ್ತು ಬಂದರೆ ಆ ಸಂಖ್ಯೆ ಒಂಬತ್ತರಿಂದ ಭಾಗ ಹೋಗುತ್ತದೆ. ಹುಡುಕಲು ಏನೂ ಉಳಿಯದ ಸಂಖ್ಯೆ.

"ಅತ್ತಿ, ಇದು ಯಾತರಿಂದಾನೂ ಭಾಗ ಹೋಗಂಗಿಲ್ಲ. ಇಂಥಾದ್ದು ಸಿಗೂದು ಕಷ್ಟ," ಎಂದೆ. ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ಸುಮಾರು ಇಪ್ಪತ್ಮೂರಕ್ಕೊಂದು ಇಂಥದ್ದೇ ಎಂಬುದನ್ನು ಮಾತ್ರ ಹೇಳಲಿಲ್ಲ.

"ಖರೇ? ಹಂಗಿದ್ರ ಇಟ್ಕೊ. ಭಾಗ ಹೋತಂದ್ರ ನಾಳೀನ ಬದಲಿ. ತಾ ಆ ಪುಸ್ತಕ, ಓದು."

ಅತ್ತೆ ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ಮೂವತ್ತರವರೆಗಿನ ಮಗ್ಗಿ ಬಾಯಲ್ಲಿಟ್ಟುಕೊಂಡು ಕೂತಿದ್ದಳು. ನಾನು ಭಾಗಾಕಾರ ಓದಿದೆ, ಅವಳು ಮಗ್ಗಿಗೆ ತಾಳೆ ನೋಡಿದಳು. ಮೂರು ಸರಿ, ಏಳು ಸರಿ, ಹನ್ನೊಂದು, ಹದಿಮೂರು ಸರಿ. "ಹದಿನೇಳೆಂಟ್ಲೆ ನೂರಾ ಇಪ್ಪತ್ತಾರು…" ಅವಳ ಕೈ ನಿಂತಿತು.

"ಎಷ್ಟಂದಿ?"

"ನೂರಾ ಇಪ್ಪತ್ತಾರು."

"ನೂರಾ ಮೂವತ್ತಾರವ್ವಾ! ಧಾರವಾಡಕ್ಕ ಹೋಗಿ ಏನ್ ಕಲತ್ ಬಂದಿ?"

ನೂರಾ ನಲವತ್ತರಲ್ಲಿ ಹದಿನಾಲ್ಕು ಉಳಿದಿದೆ ಎಂದು ಬರೆದಿದ್ದೆ, ಉಳಿಯಬೇಕಾದದ್ದು ನಾಲ್ಕು. ಹದಿನಾಲ್ಕು ಹದಿನೇಳಕ್ಕಿಂತ ಕಡಿಮೆಯಾದ್ದರಿಂದ ಅನುಮಾನವೂ ಬಂದಿರಲಿಲ್ಲ. ಅಲ್ಲೇ ಕೂತು ತಿದ್ದಿ ಕೊನೆಯವರೆಗೆ ಭಾಗಿಸಿದೆ. ಶೇಷ ಸೊನ್ನೆ. ವರ್ಷದ ಐನೂರಕ್ಕೂ ಹೆಚ್ಚು ಭಾಗಾಕಾರಗಳು ಐದನೆಯ ಪುಟದಲ್ಲೇ ಸತ್ತಿದ್ದವು.

ಹೊಸ ನಂಬರು ಬಂದಿದೆ. ಒಂಬತ್ತರಿಂದ ಭಾಗ ಹೋಗುತ್ತದೆ. ನೋಡುವ ಅಗತ್ಯವೂ ಬೀಳಲಿಲ್ಲ. ನಾಲ್ಕನೆಯ ಸಂಬಂಧವೂ ಹೊಳ್ಳಿ ಹೋಯಿತು, ಅದಕ್ಕೆ ಅತ್ತೆ ಇನ್ನೂ ಕಾರಣ ಹುಡುಕುತ್ತಿದ್ದಾಳೆ. ನಾನು ಬಸ್ಸಿನಲ್ಲಿ, ಪಕ್ಕದವರಿಗೆ ಕೇಳದಂತೆ ತುಟಿ ಮುಚ್ಚಿಕೊಂಡು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ. ಸಂಜೆ ಅತ್ತೆಗೆ ಒಪ್ಪಿಸಬೇಕು. ನಿನ್ನೆ ಹದಿನೇಳೇಳ್ಲೆಗೇ ತಡವರಿಸಿದೆ.